ಏವೆಲಿಯೊನ ಕೊನೆಯ ಗುಟುಕು

ನೆಲೀದಾ ವಾಲ್ದೆಸ್ಪಿನೊ ತನ್ನ ಮಾಲೀಕನನ್ನು ಕೊಲ್ಲಬೇಕೆಂದು ನಿರ್ಧರಿಸಿದ್ದು ಒಂದು ಗ್ಲಾಸನ್ನು ನೋಡಿ. ಎತ್ತರದ ತೆಳು ಗ್ಲಾಸು, ತುಂಬ ಬಿಳಿ ರಮ್ಮು, ಅದರೊಳಗೆ ಎಳೆ ಎಳೆಯಾಗಿ ಇಳಿಯುತ್ತಿದ್ದ ದಾಳಿಂಬೆಯ ಕೆಂಪು ಪಾಕ. ಪೇಪೆಯ ಮೂಲೆ ಎಂಬ ಬಾರಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದರ ಹೆಸರು ಬರೆದಿತ್ತು: ಏವೆಲಿಯೊನ ಕೊನೆಯ ಗುಟುಕು. ಏವೆಲಿಯೊ ಅವಳ ಅಣ್ಣ.

ಮೂವತ್ತನಾಲ್ಕು ವರ್ಷದ ಹಿಂದೆ ಅವನು ಅದೇ ಬಾರಿನಲ್ಲಿ ವೇಟರ್ ಆಗಿದ್ದ. ಒಂದು ಸಂಜೆ, ಕುಡಿದು ಮೇಜು ಗುದ್ದುತ್ತಿದ್ದ ಮೂವರಿಗೆ ಇನ್ನು ಸಾಕು, ಕೊಡುವುದಿಲ್ಲ ಎಂದ. ಅವರು ಬಿಲಿಯರ್ಡ್ಸ್ ಕೋಲುಗಳನ್ನು ತಿರುಗಿಸಿ ಹಿಡಿದು ದಪ್ಪ ತುದಿಯಿಂದ ಹೊಡೆದರು. ಹದಿನೇಳರ ನೆಲೀದಾ ಅವನಿಗೆ ಅನ್ನ, ಕಪ್ಪು ಕಾಳಿನ ಸಾರು ತುಂಬಿದ ಡಬ್ಬಿ ಹಿಡಿದು ಏಳನೇ ಬೀದಿಯನ್ನು ದಾಟುತ್ತಿದ್ದಳು. ಅವನು ಬಾಗಿಲಿಂದ ತೆವಳಿಕೊಂಡು ಹೊರಬಂದದ್ದನ್ನು ನೋಡಿದಳು. ಒಂದು ಕಣ್ಣಿದ್ದ ಜಾಗದಲ್ಲಿ ಕಣ್ಣಿರಲಿಲ್ಲ. ದೀಪದ ಕಂಬವನ್ನು ತಬ್ಬಿ ಏಳಲು ಹೋದ, ಜಾರಿದ, ಮತ್ತೆ ತಬ್ಬಿದ. ಆಮೇಲೆ ತಬ್ಬಲಿಲ್ಲ. ಅವಳ ಕೈಯಿಂದ ಬಿದ್ದ ಡಬ್ಬಿಯಿಂದ ಅವನ ಸುತ್ತ ಚೆಲ್ಲಿದ ಅನ್ನವನ್ನು ಬೀದಿಯ ಕೋಳಿಗಳು ಹೆಕ್ಕಿ ತಿಂದವು.

ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಗ್ರೇಡಿ ಹಾಲ್ಕಮ್‌ಗೆ ಹೇಳಿದಳು. ಪ್ರವಾಸಿಗರನ್ನು ಬಾರಿನಿಂದ ಬಾರಿಗೆ ಸುತ್ತಿಸುವ ಅವನ ಆರು ಗಾಲ್ಫ್ ಗಾಡಿಗಳಲ್ಲಿ ಒಂದನ್ನು ಓಡಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಳೆಗೆ ಸವಾರಿ ರದ್ದಾದ ಒಂದು ಸಂಜೆ, ಶೆಡ್ಡಿನಲ್ಲಿ ಇಬ್ಬರೇ ಕೂತು ಕಾಫಿ ಕುಡಿಯುವಾಗ ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ಗ್ರೇಡಿಯ ಕಣ್ಣಲ್ಲೂ ನೀರು ಬಂತು. ಮುಂದಿನ ತಿಂಗಳು ಆ ಕತೆ ಸವಾರಿಯ ಮಾತಿನೊಳಗೆ ಸೇರಿಕೊಂಡಿತ್ತು. ಈಬೋರ್ ಎಂಬ ಹಳೆಯ ಕೇರಿಯಿಂದ ಹೊರಟು ನದಿಯಾಚೆಯ ಕೇರಿಗಳವರೆಗೆ ಐದು ಬಾರು, ಮೂರು ಗಂಟೆ. ಎರಡನೇ ಬಾರು ಪೇಪೆಯದು. ಅಲ್ಲಿ ಗಾಡಿ ನಿಲ್ಲಿಸಿ, ಕುಡುಕರಿಗೆ ಪೆಟ್ಟು ತಿಂದು ಸತ್ತ ಸೋಮಾರಿ ವೇಟರ್‌ನ ದೆವ್ವದ ಕತೆ ಹೇಳಬೇಕು. ಅತಿಥಿಗಳೆಲ್ಲ ಒಟ್ಟಿಗೆ "ಏವೆಲಿಯೊ, ಇನ್ನೊಂದು ತಾರೋ" ಎಂದು ಕೂಗಬೇಕು. ಆಗ ಕಂಬದ ದೀಪ ಎರಡು ಸಲ ಆರಿ ಹತ್ತುತ್ತದೆ. ಬಾರಿನವನ ಹತ್ತಿರ ಅದಕ್ಕೊಂದು ಗುಂಡಿ ಇತ್ತು.

ಅವಳು ಕೇಳಿಕೊಂಡಳು. ಒಮ್ಮೆಯಲ್ಲ, ನಾಲ್ಕು ಸಲ. ಕೊನೆಯ ಸಲ ಆ ಕೆಂಪು ಗ್ಲಾಸು ಬಂದ ಮರುದಿನ.

"ಗ್ರೇಡಿ, ಅದನ್ನ ತೆಗೆದುಬಿಡಿ. ಅವನು ನನ್ನ ಅಣ್ಣ."

"ಗೊತ್ತು ಕಣಮ್ಮ," ಎಂದ ಗ್ರೇಡಿ, ಕೇಕು ಕತ್ತರಿಸಿದಷ್ಟು ಮೆತ್ತಗೆ. "ಆದ್ರೆ ನೀನೇ ಹೇಳು, ಇಡೀ ಸವಾರಿಲಿ ಜನ ಎಲ್ಲಿ ಬಿದ್ದು ಬಿದ್ದು ನಗ್ತಾರೆ? ಅಲ್ಲೇ. ಅವನೀಗ ನಿನ್ನೊಬ್ಬಳ ಅಣ್ಣ ಅಲ್ಲ ನೆಲಿ, ಊರಿನ ಮನುಷ್ಯ. ಖುಷಿ ಪಡು. ಸತ್ತ ಮೇಲೆ ಯಾರನ್ನ ಇಷ್ಟು ಜನ ಕರೀತಾರೆ?"

ಆ ಕ್ಷಣವೇ ಅವನ ಗಂಟಲಿಗೆ ಕೈ ಹಾಕಬಹುದಿತ್ತು. ಹಾಕಲಿಲ್ಲ. ಅಣ್ಣನನ್ನು ಕೊಂದವರು ಸಿಟ್ಟಿನಲ್ಲಿ ಕೊಂದರು, ಆರೇ ಗಂಟೆಯಲ್ಲಿ ಸಿಕ್ಕಿಬಿದ್ದರು. ಅವಳಿಗೆ ಸಿಟ್ಟು ಬೇಕಿರಲಿಲ್ಲ, ಕೆಲಸ ಆಗಬೇಕಿತ್ತು.

ಗುರುವಾರ ಗ್ರೇಡಿ ಸವಾರಿ ಹೋಗುವುದಿಲ್ಲ. ಆರರಿಂದ ಎಂಟರವರೆಗೆ ಶೆಡ್ಡಿನಲ್ಲಿ ಒಬ್ಬನೇ ಕೂತು ಬಿಡುವಾಗಿರುವ ಗಾಡಿಗಳ ಬ್ಯಾಟರಿಗಳಿಗೆ ನೀರು ತುಂಬುತ್ತಾನೆ. ಶೆಡ್ಡು ಹಳೆಯ ಚುಟ್ಟಾ ಕಾರ್ಖಾನೆಯ ಗೋದಾಮು. ಇಟ್ಟಿಗೆ ಗೋಡೆ ಎರಡಡಿ ದಪ್ಪ, ಒಳಗೆ ಕೂಗಿದರೆ ಹೊರಗಿನ ಬೆಕ್ಕಿಗೂ ಕೇಳಿಸುವುದಿಲ್ಲ. ಗುರುವಾರದ ಅವಳ ಮೂರನೇ ನಿಲುಗಡೆ ಎಲ್ ಟೋರ್ಡೊ. ಅಲ್ಲಿ ಹಿತ್ತಲಲ್ಲಿ ಬ್ಯಾಂಡು, ಕುಣಿತ, ಏಳರಿಂದ ಏಳೂ ಮುಕ್ಕಾಲರವರೆಗೆ ಬಿಡುವು. ಎಲ್ ಟೋರ್ಡೊದ ಹಿಂಬಾಗಿಲಿಂದ ಓಣಿಯಲ್ಲಿ ನಡೆದರೆ ಶೆಡ್ಡಿಗೆ ನಾಲ್ಕು ನಿಮಿಷ. ಗಾಡಿ ಬೀದಿಯಲ್ಲಿ ಎಲ್ಲರ ಕಣ್ಣೆದುರು ನಿಂತೇ ಇರುತ್ತದೆ. ಗಾಡಿ ಇದ್ದಲ್ಲಿ ಚಾಲಕಿ ಇದ್ದಾಳೆಂದು ಜನ ತಾವೇ ಅಂದುಕೊಳ್ಳುತ್ತಾರೆ.

ಕುಡಿದವರ ನೆನಪು ಹೇಗೆ ಕೆಲಸ ಮಾಡುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಕಡಿಮೆ. ಅವರಿಗೆ ಮೊದಲು ನೆನಪಿರುತ್ತದೆ, ಕೊನೆ ನೆನಪಿರುತ್ತದೆ, ನಡುವಿನದನ್ನು ಅವರೇ ತುಂಬಿಕೊಳ್ಳುತ್ತಾರೆ. ಏಳೂ ಹತ್ತಕ್ಕೆ ಎಲ್ಲರೊಡನೆ ಗ್ಲಾಸು ಎತ್ತಬೇಕು, ಏಳೂ ನಲವತ್ತಕ್ಕೆ ಎಲ್ಲರನ್ನೂ ಸೇರಿಸಿ ಫೋಟೊ ತೆಗೆಸಬೇಕು. ನಡುವಿನ ಅರ್ಧ ಗಂಟೆಯಲ್ಲಿ ಅವಳು ಕುಣಿದಳೆಂದೇ ಅವರು ಆಣೆ ಮಾಡುತ್ತಾರೆ. ಅದಕ್ಕೆ ಅವರಿಗೆ ಅವಳ ಮೇಲೆ ಪ್ರೀತಿ ಇರಬೇಕು, ಅಷ್ಟೇ.

ವಸಂತದಲ್ಲಿ ಕಳ್ಳರು ಶೆಡ್ಡಿನ ಬೀಗ ಕತ್ತರಿಸಿ ಎರಡು ಗಾಡಿಗಳ ಬ್ಯಾಟರಿಗಳನ್ನು ಹೊತ್ತೊಯ್ದಿದ್ದರು. ಅವರು ಮತ್ತೊಮ್ಮೆ ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಈ ಸಲ ಮಾಲೀಕ ಅಡ್ಡ ಬಂದ, ಪೆಟ್ಟು ತಿಂದ. ಬೀಗ ಕತ್ತರಿಸುವ ಇಕ್ಕಳ ಶೆಡ್ಡಿನಲ್ಲೇ ಇತ್ತು. ಆ್ಯಸಿಡ್ಡಿಗೆಂದು ಹಾಕುವ ರಬ್ಬರ್ ಕೈಗವಸು ಇತ್ತು. ಮಳೆ ಬಂದರೆ ಅತಿಥಿಗಳಿಗೆ ಕೊಡುವ, ಒಮ್ಮೆ ಹಾಕಿ ಬಿಸಾಡುವ ಪ್ಲಾಸ್ಟಿಕ್ ಕೋಟುಗಳು ಗಾಡಿಯಲ್ಲೇ ಇದ್ದವು. ಓಣಿಯ ಬಾಯಲ್ಲಿ ಏಡಿ ಹೋಟೆಲಿನ ಕಸದ ಡಬ್ಬ. ಆ ನಾತಕ್ಕೆ ನಾಯಿಯೂ ಮೂಗು ಹಾಕದು, ಎಂಟು ಗಂಟೆಗೆ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ.

ಒಂದೇ ಒಂದು ಉಳಿಯಿತು. ಗ್ರೇಡಿಯ ಮೇಲೆ ಅವಳಿಗೆ ಮುನಿಸಿತ್ತೆಂದು ಉಳಿದ ಚಾಲಕರಿಗೆಲ್ಲ ಗೊತ್ತು. ಅದನ್ನು ಅಳಿಸಲು ಒಂದೇ ದಾರಿ. ಇಷ್ಟು ವರ್ಷ ಕತೆಯನ್ನು ಬಾರಿನವನಿಗೆ ಬಿಟ್ಟು ಪೇಪೆಯ ಮುಂದೆ ಬಾಯಿ ಮುಚ್ಚಿ ಕೂರುತ್ತಿದ್ದವಳು ಒಂದು ಸಂಜೆ ಕಂಬದ ಕೆಳಗೆ ನಿಂತು ಕತೆ ಹೇಳತೊಡಗಿದಳು.

ಮೊದಲ ದಿನ ಕತೆಯನ್ನು ಅವಸರದಲ್ಲಿ ಮುಗಿಸಿ ಗಾಡಿ ಹತ್ತಿದಳು. ಎರಡನೇ ವಾರ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ತಾನಾಗಿ ಬಂತು. ಅಣ್ಣ ಕಂಬವನ್ನು ತಬ್ಬಿದ್ದನ್ನು ಅಭಿನಯಿಸಿ ತೋರಿಸಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೇ ವಾರ ಗ್ರೇಡಿ ತಾನೇ ಗಾಡಿಯಲ್ಲಿ ಕೂತು ನೋಡಲು ಬಂದ. ಇಳಿಯುವಾಗ ಅವಳ ಭುಜ ತಟ್ಟಿದ.

"ನಾನು ಹೇಳಿದ್ನೋ ಇಲ್ವೋ? ಆ ಕತೆ ನಿನ್ನ ಬಾಯಿಂದ್ಲೇ ಬರಬೇಕಿತ್ತು. ನೀನು ಚಿನ್ನ ನೆಲಿ, ಚಿನ್ನ."

"ನೀವು ಹೇಳಿದ್ದು ಸರಿ ಗ್ರೇಡಿ," ಎಂದಳು ಅವಳು. "ನನಗೇ ತಡವಾಗಿ ಗೊತ್ತಾಯ್ತು."

ಅಕ್ಟೋಬರಿನ ಎರಡನೇ ಗುರುವಾರ ಸಿಕ್ಕ ಅತಿಥಿಗಳು, ಕೇಳಿ ತರಿಸಿಕೊಂಡಂತಿದ್ದರು. ಓಹಾಯೋದಿಂದ ಬಂದ ಏಳು ಹೆಂಗಸರ ಬೋಲಿಂಗ್ ತಂಡ, ಎಲ್ಲರಿಗೂ ಅರವತ್ತು ದಾಟಿತ್ತು, ಎಲ್ಲರದೂ ಗುಲಾಬಿ ಅಂಗಿ. ಮುಂದಾಳು ಡೋರಿನ್ ಎಂಬಾಕೆ ಮೊದಲ ಬಾರಿನಲ್ಲೇ ನೆಲೀದಾಳ ಕೈ ಹಿಡಿದುಕೊಂಡು, "ನೀನು ನಮ್ಮೂರಿಗೆ ಬಂದ್ಬಿಡೇ, ನನ್ನ ಮಗನಿಗೆ ಇನ್ನೂ ಮದುವೆ ಆಗಿಲ್ಲ" ಎಂದಳು. ಪೇಪೆಯ ಮೂಲೆಯಲ್ಲಿ ಏಳೂ ಜನ ಏವೆಲಿಯೊನನ್ನು ಕೂಗಿದರು. ದೀಪ ಆರಿ ಹತ್ತಿತು. ನೆಲೀದಾ ಅವರೊಂದಿಗೆ ನಕ್ಕಳು. ಎಲ್ ಟೋರ್ಡೊದಲ್ಲಿ ತನ್ನ ಹುಲ್ಲಿನ ಟೋಪಿ ತೆಗೆದು ಡೋರಿನ್‌ಳ ತಲೆಗಿಟ್ಟಳು, ಏಳೂ ಹತ್ತಕ್ಕೆ ಗ್ಲಾಸು ಎತ್ತಿದಳು, ಬ್ಯಾಂಡಿನ ತುತ್ತೂರಿ ಎದ್ದಾಗ ಏಳು ಗುಲಾಬಿ ಬೆನ್ನುಗಳು ಅತ್ತ ತಿರುಗಿದವು. ಅವಳು ಅಡುಗೆಮನೆಯ ಪಕ್ಕದ ಬಾಗಿಲಿಂದ ಹೊರಬಿದ್ದಳು.

ಶೆಡ್ಡಿನಲ್ಲಿ ಗ್ರೇಡಿ ಒಂದು ಗಾಡಿಯ ಸೀಟೆತ್ತಿ ಬ್ಯಾಟರಿಗಳ ಮೇಲೆ ಬಗ್ಗಿದ್ದ. ಗೋಡೆಗೆ ಒರಗಿಸಿದ್ದ ಜಾಕಿಯ ಕಬ್ಬಿಣದ ಸಲಾಕೆಯನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಹೊಡೆದಳು. ಮೊದಲ ಪೆಟ್ಟು ಲೆಕ್ಕದಂತೆ ಬೀಳಲಿಲ್ಲ. ಅವನು ನೀರಿನ ಡಬ್ಬಕ್ಕೆಂದು ಪಕ್ಕಕ್ಕೆ ವಾಲಿದ್ದರಿಂದ ಅದು ಹೆಗಲ ಮೂಳೆ ಮುರಿಯಿತು. ತಿರುಗಿ ನೋಡಿದ. ಪ್ಲಾಸ್ಟಿಕ್ ಕೋಟು ಹಾಕಿಕೊಂಡು ನಿಂತವಳನ್ನು ಕಂಡು ಅವನಿಗೆ ಅರ್ಥವೇ ಆಗಲಿಲ್ಲ.

"ನೆಲಿ? ಮಳೆ ಬಂತಾ? ಮೇಲಿಂದ ಏನೋ ಬಿತ್ತು ನೋಡು ನನ್ನ ಮೇಲೆ."

ಎರಡನೆಯದು ದವಡೆಗೆ ಬಿತ್ತು. ಹಲ್ಲುಗಳು ಸಿಮೆಂಟು ನೆಲದ ಮೇಲೆ ಉರುಳಿ ಗಾಡಿಯ ಕೆಳಗೆ ಹೋದವು. ಅವನು ಬೀಳುವಾಗ ಬ್ಯಾಟರಿಯೊಂದನ್ನು ಎಳೆದುಕೊಂಡು ಬಿದ್ದ, ಆ್ಯಸಿಡ್ ಅವನ ತೊಡೆಯ ಮೇಲೆ ಚೆಲ್ಲಿ ಬಟ್ಟೆ ಹೊಗೆಯಾಡಿತು. ಆಗ ಅವನು ತೆವಳತೊಡಗಿದ. ಒಂದು ಕೈ ಮಾತ್ರ ಕೆಲಸ ಮಾಡುತ್ತಿತ್ತು, ಅದರಿಂದಲೇ ಮೈಯನ್ನು ಎಳೆದುಕೊಂಡು ಬಾಗಿಲ ಕಡೆಗೆ ಹೊರಟ. ಅವಳ ಬಳಿ ಹನ್ನೆರಡು ನಿಮಿಷ ಇತ್ತು. ಎರಡು ನಿಮಿಷ ಅವಳು ಅವನ ಪಕ್ಕದಲ್ಲೇ, ಅವನ ವೇಗಕ್ಕೆ ತಕ್ಕಂತೆ, ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಅವನು ಗಾಡಿಯೊಂದರ ಚಕ್ರವನ್ನು ತಬ್ಬಿ ಏಳಲು ನೋಡಿದಾಗ ನಿಂತಳು.

"ಕೂಗು," ಎಂದಳು. "ಇನ್ನೊಂದು ತಾರೋ ಅನ್ನು. ನಿನ್ನ ಬಾಯಿಂದ ಕೇಳಬೇಕು."

ಅವನ ಬಾಯಿಂದ ನೊರೆ ಬಂತು, ಮಾತು ಬರಲಿಲ್ಲ. ಅವಳು ಸಲಾಕೆ ಎತ್ತಿ ತಲೆಯ ಹಿಂಭಾಗಕ್ಕೆ ಮೂರು ಸಲ ಹೊಡೆದಳು. ಮೂರನೆಯದಕ್ಕೆ ಶಬ್ದ ಬದಲಾಯಿತು, ಕಲ್ಲಂಗಡಿ ಬಿದ್ದ ಹಾಗೆ. ಅವಳಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದಳು. ಆಗಿದ್ದು ದಣಿವು ಮಾತ್ರ.

ಆದರೂ ಕೈ ತನ್ನ ಕೆಲಸ ಮರೆಯಲಿಲ್ಲ. ಎರಡು ಬ್ಯಾಟರಿಗಳ ತಂತಿ ಕತ್ತರಿಸಿ ಬಾಗಿಲವರೆಗೆ ಎಳೆದಿಟ್ಟಳು, ಹಿಂಬಾಗಿಲ ಬೀಗವನ್ನು ಹೊರಗಿನಿಂದ ಇಕ್ಕಳ ಹಾಕಿ ತುಂಡರಿಸಿದಳು. ಆ್ಯಸಿಡ್ ಸಿಡಿದರೆ ತೊಳೆಯಲೆಂದು ಇಟ್ಟಿದ್ದ ಸೋಡಾಪುಡಿ ಕದಡಿದ ನೀರಿನಲ್ಲಿ ಮುಖ ತೊಳೆದಳು. ಕೋಟು, ಕೈಗವಸು, ಸಲಾಕೆ ಏಡಿ ಚಿಪ್ಪುಗಳ ಕೆಳಗೆ ಹೋದವು. ಏಳೂ ಮೂವತ್ತೆಂಟಕ್ಕೆ ಎಲ್ ಟೋರ್ಡೊದ ಹಿತ್ತಲಲ್ಲಿ ಡೋರಿನ್‌ಳ ಸೊಂಟಕ್ಕೆ ಕೈ ಹಾಕಿ ಕುಣಿಯುತ್ತಿದ್ದಳು.

"ಎಲ್ಲಿಗೆ ಹೋಗಿದ್ಯೇ ಕಳ್ಳಿ?" ಎಂದಳು ಡೋರಿನ್, ಕಣ್ಣು ಅರೆಮುಚ್ಚಿ.

"ಇಲ್ಲೇ ಇದ್ನಲ್ಲ, ನಿಮ್ಮ ಹಿಂದೇನೇ. ಟೋಪಿ ಕಣ್ಣಿಗೆ ಬಂದಿತ್ತು ನಿಮಗೆ."

ಡೋರಿನ್ ನಕ್ಕುಬಿಟ್ಟಳು. ಫೋಟೊದಲ್ಲಿ ಎಂಟೂ ಜನ ನಗುತ್ತಿದ್ದರು.

ಶವ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಶೆಡ್ಡಿನ ಮುಂದೆ ನೆಲೀದಾ ಎಲ್ಲರಂತೆ ಅತ್ತಳು. ಅಳು ಬಂದದ್ದು ಅವಳಿಗೇ ಆಶ್ಚರ್ಯ. ಪತ್ರಿಕೆಯಲ್ಲಿ ಬ್ಯಾಟರಿ ಕಳ್ಳರೆಂದು ಬಂತು. ನಾಲ್ಕನೇ ದಿನ ಟಿಲ್ಮನ್ ಎಂಬ ಪತ್ತೇದಾರ ಅವಳನ್ನು ಠಾಣೆಗೆ ಕರೆಸಿದ. ಬೊಜ್ಜು ಮೈಯ, ಸೌಜನ್ಯದ ಮನುಷ್ಯ. ತಾನೇ ಕಾಫಿ ತಂದುಕೊಟ್ಟ. ಓಹಾಯೋದ ಏಳೂ ಹೆಂಗಸರೊಡನೆ ಮಾತಾಡಿದ್ದೇನೆ ಎಂದ. ಏಳೂ ಜನ ಒಂದೇ ಮಾತು ಹೇಳಿದರಂತೆ: ನೆಲೀದಾ ಇಡೀ ಸಂಜೆ ನಮ್ಮ ಜೊತೆಗಿದ್ದಳು, ಒಂದು ಗಳಿಗೆಯೂ ಬಿಟ್ಟು ಹೋಗಲಿಲ್ಲ. "ಅವರಿಗೆಲ್ಲ ನಿಮ್ಮ ಮೇಲೆ ಎಷ್ಟು ಪ್ರೀತಿ ಮೇಡಂ," ಎಂದ. ಅವಳು ತಲೆ ತಗ್ಗಿಸಿ, ಒಳ್ಳೆಯ ಜನ ಅವರು ಎಂದಳು. ಕಾಫಿ ಚೆನ್ನಾಗಿತ್ತು. ಎಲ್ಲವೂ ತಾನು ಬರೆದಂತೆ ನಡೆದಿತ್ತು.

ಟಿಲ್ಮನ್ ಒಂದು ಫೋಟೊವನ್ನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿ ಇಟ್ಟ. ಅಂಗೈಯಗಲದ ಹಳದಿ ಚೀಟಿ, ಗ್ರೇಡಿಯ ಕೈಬರಹ. "ನಮ್ಮ ನೆಲಿ ಹೇಗಿದ್ದಾಳೆ? ಹಿಡಿಸಿದರೆ ನನಗೇ ಹೇಳಿ," ಕೆಳಗೆ ಅವನ ಫೋನ್ ನಂಬರು. ಅವಳು ಅದನ್ನು ಯಾವತ್ತೂ ಕಂಡಿರಲಿಲ್ಲ. ಸಾಯುವ ವಾರದ ಸೋಮವಾರ ಗ್ರೇಡಿ ಅದನ್ನು ಅವಳ ಸೀಟಿನ ಬೆನ್ನಿಗೆ ಅಂಟಿಸಿದ್ದ; ಹಿಂದೆ ಕೂತ ಏಳೂ ಜನರ ಕಣ್ಣೆದುರಿಗೇ ಇತ್ತು, ಅವಳು ಪ್ರತಿ ಸಂಜೆ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಸದ್ದು ಬರದಂತೆ ಇಟ್ಟಿದ್ದ ಸತ್ತವನ ಫೋನನ್ನು ಇವತ್ತು ಬೆಳಿಗ್ಗೆಯಷ್ಟೇ ತೆರೆಯಲು ಆಯಿತು ಎಂದ ಟಿಲ್ಮನ್. ಗುರುವಾರ ಸಂಜೆ ಏಳೂ ಮೂವತ್ತೊಂದಕ್ಕೆ ಒಂದು ಕರೆ ಬಂದಿದೆ, ಎತ್ತುವವರಿಲ್ಲದೆ ಸಂದೇಶ ಉಳಿದಿದೆ, ಮಾಡಿದಾಕೆಗೆ ಮಾಡಿದ್ದೇ ನೆನಪಿಲ್ಲ. ಅವನು ಗುಂಡಿ ಒತ್ತಿದ. ತುತ್ತೂರಿಯ ಗದ್ದಲದ ನಡುವೆ ಡೋರಿನ್‌ಳ ತೊದಲು ದನಿ ಕೋಣೆ ತುಂಬಿತು: "ಸ್ವಾಮಿ, ನಿಮ್ಮ ನೆಲಿ ಬಂಗಾರ ಕಣ್ರೀ, ಅವಳಿಗೆ ಸಂಬಳ ಜಾಸ್ತಿ ಮಾಡಿ. ಆದ್ರೆ ಎಲ್ಲಿ ಹೋದ್ಲು ನೋಡಿ, ಇಪ್ಪತ್ತು ನಿಮಿಷದಿಂದ ಎಲ್ಲಾ ಕಡೆ ಹುಡುಕ್ತಾ ಇದೀವಿ, ಹೆಂಗಸರ ಕೋಣೆನೂ ನೋಡಿದ್ವಿ, ಎಲ್ಲೂ ಇಲ್ಲ. ನಿಮ್ಮ ಹತ್ರ ಏನಾದ್ರೂ ಬಂದಿದ್ರೆ ಬೇಗ ಕಳಿಸಿಕೊಡಿ, ಅವಳಿಗೇಂತ ತಗೊಂಡಿದ್ದ ಗ್ಲಾಸಲ್ಲಿ ಐಸೆಲ್ಲಾ ಕರಗಿಹೋಯ್ತು."