ಕಹಿ ಡಿಕಾಕ್ಷನ್

“ಅಮ್ಮಾರ, ನಮ್ಮವ್ವನ್ನ ಉಳಿಸ್ರಿ! ಕಾಫ್ಯಾಗ ವಿಷ ಹಾಕ್ಯಾಳಂತ ಹಿಡಕೊಂಡು ಹೋಗ್ಯಾರ. ಆಕಿ ಬೀಜ ಹುರಿದಿಟ್ಟು ಹಾಲಿಗೆ ಹೋಗಿದ್ಲರಿ!”

2006ರ ಒಂದು ಬೆಳಿಗ್ಗೆ ಹೊಸಪೇಟೆಯ ಕೊಟ್ರಬಸಮ್ಮನವರ ಬಾಗಿಲಲ್ಲಿ ಹೀಗೆ ಅತ್ತವಳು ಸಂಘಮಿತ್ರಾ. ಅವಳ ತಾಯಿ ಜಂಬವ್ವ ಸಂಡೂರಿನ ಮನೋಹರ್ ಮನೆಯಲ್ಲಿ ಅಡುಗೆಗಿದ್ದಳು. ಹಿಂದಿನ ದಿನ ಮನೋಹರ್ ಕಾಫಿ ಕುಡಿದು ಸತ್ತಿದ್ದ. ಕೊಟ್ರಬಸಮ್ಮ ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ, ಊರವರ ಗಂಟುಗಳನ್ನು ಬಿಡಿಸುವವರು. ನಾನು ಅಂಜಿನಯ್ಯ, ಅವರ ಹಳೆಯ ಸಹೋದ್ಯೋಗಿ. ನನಗೆ ಚಹಾ ಸಾಕು, ಕಾಫಿಯವರ ಚೋದ್ಯ ನನಗೆ ಅರ್ಥವಾಗುವುದಿಲ್ಲ.

ಅದಿರು ಲಾರಿಗಳ ಕೆಂಧೂಳು ನುಂಗುತ್ತ ಸಂಡೂರು ಮುಟ್ಟಿದೆವು. ವಿಷ ಬಲು ಕಹಿಯದೆಂದು ಇನ್ಸ್‌ಪೆಕ್ಟರ್ ಹೇಳಿದರು. ಜಂಬವ್ವ ಹುರಿದಿಟ್ಟ ಬೀಜ ಶೇಂಗಾ ಸಿಪ್ಪೆಯ ಬಣ್ಣಕ್ಕಿತ್ತು, ಫಿಲ್ಟರಿನ ಗಸಿ ಮಾತ್ರ ಇದ್ದಿಲಿನಂತೆ ಕಪ್ಪು. ಕೊಟ್ರಬಸಮ್ಮ ಅದನ್ನು ಬೆರಳಲ್ಲಿ ತಿಕ್ಕಿದರು. ಮೆತ್ತಗೆ ಅಂಟಿತು.

“ಚಿಕೋರಿ, ಕಾಫಿಗೆ ಬೆರೆಸೋ ಬೇರಿನ ಪುಡಿ,” ಎಂದರು.

“ನಮ್ಮನಿಗೆ ಚಿಕೋರಿ ತರೂದಿಲ್ರಿ,” ಎಂದಳು ಕಂಪ್ಲಿಯ ತವರಿನಿಂದ ಆಗಷ್ಟೇ ಬಂದಿದ್ದ ಹೆಂಡತಿ ಶೈಲಜಾ. “ಅವರಿಗೆ ಅರೇಬಿಕಾ ಬೀಜಾನ ಬೇಕು, ಎಳೇ ಹುರೀನ ಬೇಕು. ಚೂರು ಕಹಿ ಆದ್ರ ಲೋಟ ಸರಿಸಿಬಿಡ್ತಿದ್ರು.”

ಓಣಿಯ ತುದಿಯಲ್ಲಿ ಮನೋಹರನ ತಮ್ಮ ಹಂಪೇಶನ ಮನೆ. ಇಬ್ಬರ ಪಾಲಿನ ಜಮೀನನ್ನು ಗಣಿಗೆ ಕೊಡಲು ಅಣ್ಣ ಒಪ್ಪಿರಲಿಲ್ಲ, ಅದಕ್ಕೇ ಜಗಳ. “ಮೂರು ವರ್ಷ ಆತು, ಆ ಮನಿ ನೀರು ಮುಟ್ಟಿಲ್ರಿ,” ಎನ್ನುತ್ತ ನಮಗೆ ಕಾಫಿ ಕೊಟ್ಟ. ಮಸಿಯಂಥ ಕಪ್ಪು, ನಾಲಿಗೆ ಸುಟ್ಟಂಥ ಕಹಿ.

ಸಂಜೆ ಕೊಟ್ರಬಸಮ್ಮ ಎಲ್ಲರನ್ನೂ ಮನೋಹರನ ಪಡಸಾಲೆಯಲ್ಲಿ ಕೂರಿಸಿದರು. ಜಂಬವ್ವನನ್ನೂ ಪೊಲೀಸರು ಕರೆತಂದಿದ್ದರು.

“ಎಳೇ ಹುರಿ ಕಾಫ್ಯಾಗ ಈ ವಿಷ ಹಾಕಿದ್ರ ಮೊದಲ ಗುಟುಕಿಗೇ ಗೊತ್ತಾಗ್ತಿತ್ತು,” ಎಂದರು ಕೊಟ್ರಬಸಮ್ಮ. “ಕಹಿ ಮುಚ್ಚಾಕ ಕಹೀನ ಬೇಕು. ಅದಕ್ಕ ಕಪ್ಪಗ ಹುರಿದ ಚಿಕೋರಿ ಪುಡಿ ಬಂತು.”

“ಜಂಬವ್ವನ ತಂದಿರಬಹುದಲ್ರಿ?” ಎಂದರು ಇನ್ಸ್‌ಪೆಕ್ಟರ್.

“ಆಕಿ ಕೊಟ್ಟಿದ್ರ ಮನೋಹರ ಲೋಟ ಸರಿಸ್ತಿದ್ದ. ಹೆಂಡ್ತಿ ಊರಾಗ ಇರಲಿಲ್ಲ. ಹಂಗಾದ್ರ ಯಾರು ಕೊಟ್ರ ಆತ ತಕರಾರಿಲ್ದ ಕುಡೀತಿದ್ದ? ನಮ್ಮ ಕಡೆ ಜಗಳ ಮುರಿಯೂದು ಒಬ್ಬರು ಕೊಟ್ಟಿದ್ದು ಒಬ್ಬರು ಕುಡಿದ ಮ್ಯಾಲೆ. ಆ ಲೋಟಾನ ಯಾರೂ ಅರ್ಧಕ್ಕ ಬಿಡೂದಿಲ್ಲ.” ಅವರು ತಿರುಗಿದರು. “ಹಂಪೇಶಾ, ಜಂಬವ್ವ ಹಾಲಿಗೆ ಹೋದಾಗ ನಿಮ್ಮನಿ ಪುಡಿ ಕಟ್ಟಿಕೊಂಡು ರಾಜಿಗೆ ಬಂದಿ ಅಲ್ಲೇನು?”

“ಹೌದ್ರಿ, ನಾನ ಕಾಸಿ ಕೊಟ್ಟೆ,” ಎಂದ ಹಂಪೇಶ. “ಅಣ್ಣ ಒಂದು ಗುಟುಕಿಗೇ ಮುಖ ಕಿವುಚಿದ್ನರಿ. ಆಮ್ಯಾಲೆ ‘ಭಾಳ ಚಲೋ ಮಾಡೀಯಲೇ ತಮ್ಮಾ’ ಅಂತ ತಳದ ತನಕ ಕುಡದ.”

ಬಿಡುಗಡೆಯಾದ ಜಂಬವ್ವ ಮಗಳತ್ತ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ತನ್ನ ಯಜಮಾನನಿಗಾಗಿ ಗಟ್ಟಿಯಾಗಿ ಅತ್ತಳು.