ಲವಂಗ ಹಾಕಿದ ಅಂಟು

ಮೈದಾ ಅಂಟಿಗೆ ಎರಡು ಲವಂಗ ಹಾಕಿ ಕುದಿಸಿದಾಗ ಏಳುವ ವಾಸನೆ ಎಂದರೆ ಅವಳಿಗೆ ಅಪ್ಪನೇ ಬಂದು ಪಕ್ಕದಲ್ಲಿ ಕುಳಿತಂತೆ. ಹುಳ ಹಿಡಿಯದಿರಲಿ ಎಂದು ಅಪ್ಪ ಲವಂಗ ಹಾಕುತ್ತಿದ್ದ. ತನ್ನ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆ ಅಂಟಿಸುವಾಗ ಅವಳೂ ಅದನ್ನು ಬಿಟ್ಟಿರಲಿಲ್ಲ.

ಇಂದು ಆ ವಾಸನೆಯೂ ಧೈರ್ಯ ಕೊಡಲಿಲ್ಲ. ಎದುರಿನ ಪ್ರಿಂಟಿಂಗ್ ಪ್ರೆಸ್ಸಿನವನು ಬೀದಿಯ ಅಂಗಡಿಗಳ ಸಂಘದ ಫಾರಂ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ದೊಡ್ಡಪ್ಪ ಕೊಟ್ರು. ಸಂಜೆಯೊಳಗೆ ತುಂಬಬೇಕಂತೆ, ಬಾಕ್ಸ್ ಮೇಡಂ.”

ಅವನ ದೊಡ್ಡಪ್ಪನೇ ಸಂಘದ ಅಧ್ಯಕ್ಷರು. ಫಾರಂನ ಎರಡನೇ ಸಾಲಿನಲ್ಲೇ ಪ್ರಶ್ನೆಯಿತ್ತು: ಮನೆತನ?

ಆ ಬೀದಿಯ ಅಂಗಡಿಗಳೆಲ್ಲ ಒಂದೇ ಸಮುದಾಯದವರವು. ರಟ್ಟು ಕತ್ತರಿಸುವ ಮಿಷನ್ ಒಂದೇ, ಸರದಿಯಂತೆ ಎಲ್ಲರಿಗೂ. ಒಬ್ಬರಿಗೆ ಆರ್ಡರ್ ಹೆಚ್ಚಾದರೆ ಪಕ್ಕದವರಿಗೆ ಪಾಲು. ‘ನಮ್ಮವರು’ ಎಂದರೆ ಸಾಕು, ಮುಂದೆ ಮಾತಿಲ್ಲ. ವರ್ಷದ ಹಿಂದೆ ಅಂಗಡಿ ಹಿಡಿದಾಗ ಅವಳು ಹಳೆಯ ಮಾಲೀಕರ ಬೋರ್ಡನ್ನು ಇಳಿಸಿರಲಿಲ್ಲ. ಅದರ ಮೇಲಿನ ಮನೆತನದ ಹೆಸರು ನೋಡಿ ಎಲ್ಲರೂ ಅವಳನ್ನೂ ತಮ್ಮವಳೆಂದುಕೊಂಡರು. ಅವಳು ತಿದ್ದಲಿಲ್ಲ. ಮಿಷನ್ ಸಿಗದಿದ್ದರೆ ಅಂಗಡಿಗೆ ಬೀಗವೇ ಗತಿ.

ಆದರೆ ಇವನು? ತನ್ನ ಸರದಿ ಬಿಟ್ಟುಕೊಟ್ಟದ್ದು, ಅವಳು ಬೆರಳು ಕುಯ್ದುಕೊಂಡ ದಿನ ಪ್ರೆಸ್ ನಿಲ್ಲಿಸಿ ಓಡಿಬಂದದ್ದು, ಕಿಟಕಿಯಿಂದ ನೋಡುತ್ತ ಸಿಕ್ಕಿಬಿದ್ದಾಗ ಖಾಲಿ ಹಾಳೆಯನ್ನೇ ಓದುವಂತೆ ನಟಿಸಿದ್ದು… ಇವೆಲ್ಲ ಬೋರ್ಡಿಗೋ, ಅವಳಿಗೋ?

“ಪೆನ್ ಬರೀತಿಲ್ವಾ?”

“ಪೆನ್ ಬರಿಯುತ್ತೆ. ನನಗೇ ಕೈ ಓಡ್ತಿಲ್ಲ.” ಅವಳು ಅಂಟಿನ ಪಾತ್ರೆ ನೋಡುತ್ತಲೇ ಹೇಳಿಬಿಟ್ಟಳು. “ನಾನು ನಿಮ್ಮವಳಲ್ಲ ಕಣ್ರೀ. ಬೋರ್ಡ್ ಮಾತ್ರ ನಿಮ್ಮವರದ್ದು.”

“ಗೊತ್ತು.”

“ಯಾವಾಗಿಂದ?”

“ಮೊದಲನೇ ದಿನದಿಂದ. ಹುಳ ಹಿಡೀದಿರ್ಲಿ ಅಂತ ನಮ್ಮವರು ಅಂಟಿಗೆ ಮೈಲುತುತ್ತ ಹಾಕೋದು. ಲವಂಗದ ವಾಸನೆ ಇಡೀ ಬೀದಿಗೆ ಬಂತಲ್ಲ! ದೊಡ್ಡಪ್ಪನ ಮೂಗು ಏನು ಕಮ್ಮೀನಾ? ‘ಸರದಿ ತಪ್ಪಿಸಲ್ಲ, ಇನ್ನೊಬ್ಬರ ಗಿರಾಕಿ ಎಳೆಯಲ್ಲ, ಇನ್ನೇನು ಬೇಕು? ಮನೆತನ ಲವಂಗದವರು ಅಂತ ಬರ್ಕೊಳ್ಳಲಿ’ ಅಂದ್ರು.”

“ಬಂದ ತಕ್ಷಣ ಹೇಳಬಾರದಿತ್ತಾ? ಜೀವ ಬಾಯಿಗೆ ಬಂದಿತ್ತು!”

“ಹೇಳೋಕೇ ಬಂದೆ. ನಿಮ್ಮನ್ನ ನೋಡಿ ಮರೆತೆ.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಹಾಗಾದ್ರೆ ನೀವು ಇಷ್ಟೆಲ್ಲ ಮಾಡಿದ್ದು ಯಾಕೆ?”

ಅವನ ಕಿವಿ ಕೆಂಪಾಯಿತು. ಶಾಯಿಯ ಕೈಯಿಂದ ತಲೆ ಕೆರೆದುಕೊಂಡು ಹಣೆಯನ್ನೂ ಮಸಿ ಮಾಡಿಕೊಂಡ. ಹಾಗೇ ರಸ್ತೆ ದಾಟಿ ಹೋದ.

ಅವನಿಗೆ ಬೇಜಾರಾಯಿತೇ? ಅವಳು ಪೆನ್ ಹಿಡಿದೇ ಕುಳಿತಿದ್ದಳು. ಅಷ್ಟರಲ್ಲಿ ಅವನು ಮರಳಿ ಬಂದ, ಕೈ ತೊಳೆದುಕೊಂಡು. ಫಾರಂ ಪಕ್ಕಕ್ಕೆ ಸರಿಸಿ, ತನ್ನ ಊಟದ ಡಬ್ಬಿಯನ್ನು ಅವಳ ಕೈಗಿಟ್ಟ. ಮುಚ್ಚಳಕ್ಕೆ ಸಿಕ್ಕಿಸಿದ್ದ ಚಮಚಗಳು ಎರಡಿದ್ದವು.