ನೀಲಿ ಅಂಗಿಯ ಮನುಷ್ಯ

"ಅಕ್ಕಾರ, ಸಂಗಪ್ಪನ್ನ ಉಳಿಸ್ರಿ. ಸಂಜೀಕ ಪೊಲೀಸರಿಗೆ ಕೊಡ್ತಾರಂತ."

ಬಾಗಿಲಲ್ಲಿ ನಿಂತು ಹೀಗೆಂದವಳು ಮಲ್ಲವ್ವ. ಬೈಕುಲ್ಲಾದಿಂದ ಚೆಂಬೂರಿನವರೆಗೆ ಲೋಕಲ್ ಗಾಡಿಯಲ್ಲಿ ನಿಂತೇ ಬಂದಿದ್ದಳು. ಹಣೆಯ ಮೇಲೆ ಅಗಲವಾದ ಕುಂಕುಮ, ಕೈತುಂಬ ಹಸಿರು ಬಳೆ. ನೀಲಾವತಿಯವರು ಬಿಡಿಸುತ್ತಿದ್ದ ಮೆಂತ್ಯದ ಸೊಪ್ಪನ್ನು ಬದಿಗಿಟ್ಟು ಅವಳನ್ನು ಒಳಗೆ ಕರೆದು ಕೂರಿಸಿದರು.

ನೀಲಾವತಿಯವರು ಧಾರವಾಡದವರು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ನಾನು ಸೀತಾರಾಮ, ಮೈಸೂರಿನವನು, ಅವರ ಎದುರು ಮನೆಯವನು. ಅವರ ಬುದ್ಧಿ, ನನ್ನ ಕೊಡೆ, ಎರಡೂ ಸೇರಿ ಅಷ್ಟು ಹೊತ್ತಿಗಾಗಲೇ ಹಲವು ಗೋಜಲುಗಳನ್ನು ಬಿಡಿಸಿದ್ದವು. ಆದರೆ ಇದೊಂದು ಪ್ರಕರಣ ನೆನಪಾದಾಗ ನನಗೆ ಇವತ್ತಿಗೂ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತದೆ.

ಮಲ್ಲವ್ವ ಹೇಳಿದ್ದು ಇಷ್ಟು. ಅವಳು ಹಣಮಂತ ಎಂಬ ಸಿನಿಮಾ ಬ್ಯಾನರ್ ಬರೆಯುವವನ ಹತ್ತಿರ ಕೆಲಸಕ್ಕಿದ್ದಳು. ಬಟ್ಟೆಯ ತುಂಡುಗಳನ್ನು ಹೊಲಿದು ಜೋಡಿಸಿ, ಬಿಳಿ ಬಳಿದು, ಚಿತ್ರ ಬರೆಯಲು ಹದ ಮಾಡಿಕೊಡುವುದು ಅವಳ ಪಾಲಿನ ಕೆಲಸ. ಸಂಗಪ್ಪ ಟ್ಯಾಕ್ಸಿಗಳ ಮೇಲೆ ನಂಬರು, ಹೂಬಳ್ಳಿ ಬರೆಯುವವನು. ಇಂಥ ಬೀದಿಬದಿಯ ಕಲಾವಿದರನ್ನೆಲ್ಲ ಸೇರಿಸಿ ಬೈಕುಲ್ಲಾದ ಹಳೇ ಗೋದಾಮಿನಲ್ಲಿ ತಿರುಮಲೇಶ ಎಂಬವರು ಒಂದು ಪ್ರದರ್ಶನ ಏರ್ಪಡಿಸಿದ್ದರು. ಮರುದಿನವೇ ಉದ್ಘಾಟನೆ. ಹಣಮಂತನ ಚಿತ್ರವೇ ಅಲ್ಲಿ ಮುಖ್ಯ: ಮಿಲ್ಲಿನ ಗೇಟಿನ ಮುಂದೆ ನಿಂತ, ಅವನಿದ್ದ ಚಾಳಿನ ಸಾಲುಮನೆಗಳ ಗಂಡಸರು, ಆಳೆತ್ತರದಲ್ಲಿ. ಆ ಬೆಳಿಗ್ಗೆ ಅದರ ಮೇಲಿನ ಪರದೆ ಸರಿಸಿ ನೋಡಿದರೆ ಇಡೀ ಚಿತ್ರಕ್ಕೆ ಯಾರೋ ಬಿಳಿ ಬಳಿದಿದ್ದರು.

"ತನ್ನ ಚಿತ್ರ ಮೂಲ್ಯಾಗ ಹಾಕ್ಯಾರಂತ ಸಂಗಪ್ಪ ಜಗಳಾ ತಗದಿದ್ದ. ಕಾವಲಿಗೆ ಮಲಗಿದಾಂವನೂ ಅವನೇ. ಅದಕ್ಕ ಅವನ ಮ್ಯಾಲೆ ಬಂದೈತ್ರಿ. ಕೇಸಾದ್ರ ಅವಗ ಯಾರೂ ಕುಂಚ ಮುಟ್ಟಗೊಡೂದಿಲ್ಲ. ಚಿತ್ರಕ್ಕರ ಏನಾಗೈತಿ? ಒರಸಿದ್ರ ಹೋಗ್ತೈತಿ. ಅಷ್ಟಕ್ಕ ಒಬ್ಬನ ಅನ್ನಾ ಕಸೀತಾರೇನ್ರಿ?"

"ನಿಮ್ಮ ಮನಿಯವರು ಏನ ಮಾಡ್ತಾರ?" ಎಂದು ನೀಲಾವತಿಯವರು ಕೇಳಿದರು.

"ಮಿಲ್ ಬಂದಾದ ಮ್ಯಾಲೆ ಕೆಲಸಾ ಹುಡಕ್ಕೊಂಡು ಸೂರತಕ್ಕ ಹೋಗ್ಯಾರ್ರಿ. ಇನ್ನೂ ಬಂದಿಲ್ಲ."

ಮುಷ್ಕರ ನಡೆದು ಮಿಲ್ಲುಗಳು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆಕೆ ಹೋದ ವಾರ ಹೋದವರ ಬಗ್ಗೆ ಹೇಳುವಂತೆ ಹೇಳಿದಳು. ನೀಲಾವತಿಯವರು ಮತ್ತೇನೂ ಕೇಳದೆ, "ಸೀತಾರಾಮ್, ಚಪ್ಪಲಿ ಹಾಕ್ಕೋರಿ," ಎಂದರು.

ಕುರ್ಲಾದಲ್ಲಿ ಗಾಡಿ ಬದಲಿಸಿ ನಾವು ಮೂವರೂ ಬೈಕುಲ್ಲಾ ಸೇರಿದೆವು. ಗೋದಾಮಿನ ಬಾಗಿಲಲ್ಲೇ ತಿರುಮಲೇಶ ಎದುರಾದರು. ಜಾಹೀರಾತು ಕಂಪನಿಯ ಕೆಲಸ, ಖಾದಿ ಜುಬ್ಬ, ನಮ್ಮ ಮೈಸೂರಿನವರೇ.

"ಇದರಲ್ಲಿ ಪತ್ತೆ ಮಾಡೋದು ಏನಿದೆ ಮೇಡಂ? ಬೀಗದಕೈ ಅವನ ಹತ್ರ, ಜಗಳ ಆಡಿದ್ದೂ ಅವನೇ. ನಾಳೆ ಪ್ರೆಸ್‌ನವರು ಬರ್ತಾರೆ, ನಾನು ಏನು ತೋರಿಸ್ಲಿ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯ. ನನಗೆ ಅವರ ಮೇಲೇ ಗುಮಾನಿ ಬಂತು. ಪತ್ರಿಕೆಯಲ್ಲಿ ದೊಡ್ಡ ಸುದ್ದಿಯಾಗಲಿ ಎಂದು ತಾವೇ ಬಳಿಸಿರಬಾರದೇಕೆ? ಈ ಮಾತನ್ನು ನೀಲಾವತಿಯವರ ಕಿವಿಯಲ್ಲಿ ಉಸುರಿದೆ. ಅವರು ನನ್ನನ್ನು ದಾಟಿ ಒಳಗೆ ನಡೆದರು.

ಸಂಗಪ್ಪ ಗೋಣಿಚೀಲದ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. "ಬೆಳಿಗ್ಗೆ ಬಾಗಲಾ ತಗದು ಜಳಕಕ್ಕ ಹೋಗಿದ್ದೆ. ಆವಾಗ ಯಾರ್ಯಾರು ಬಂದ್ರೋ ನನಗೇನು ಗೊತ್ತು? ಹಣಮಂತನೂ ಬಂದಿದ್ದ, ಮಲ್ಲವ್ವನೂ ಬಂದಿದ್ಲು, ಈ ಸಾಹೇಬ್ರೂ ಬಂದಿದ್ರು. ಪರದೆ ಸರಿಸೂತನಕಾ ಹಿಂದ ಏನಾಗೈತಿ ಅಂತ ಯಾರಿಗೂ ಗೊತ್ತಿರಲಿಲ್ಲ," ಎಂದ. ಆಮೇಲೆ ದನಿ ಇಳಿಸಿ, "ಜಗಳಾ ಆಡಿದ್ದು ಖರೆ. ಖರೇನ, ಇದನ್ನ ನಾ ಮಾಡಿಲ್ರಿ," ಎಂದ.

ನೀಲಾವತಿಯವರು ಮೊದಲು ನೋಡಿದ್ದು ಚಿತ್ರವನ್ನಲ್ಲ, ಅದರ ಬುಡದಲ್ಲಿದ್ದ ಸಾಮಾನನ್ನು. ಎಣ್ಣೆಬಣ್ಣದ ಬಿಳಿ ಡಬ್ಬಿ ಕೈಗೆಟಕುವಂತಿತ್ತು, ಅದರ ಮುಚ್ಚಳ ತೆಗೆದಿರಲಿಲ್ಲ. ಖಡಿಪುಡಿಗೆ, ಎಂದರೆ ಸೀಮೆಸುಣ್ಣದ ಪುಡಿಗೆ, ಗೋಂದು ನೀರು ಕಲಸುವ ಬಕೆಟ್ಟು ದೂರದ ಮೂಲೆಯಲ್ಲಿತ್ತು, ಖಾಲಿಯಾಗಿತ್ತು. ಆಮೇಲೆ ಚಿತ್ರದ ಹತ್ತಿರ ಹೋಗಿ ಅಲ್ಲಲ್ಲಿ ಬೆರಳಿಟ್ಟರು. ಎಲ್ಲ ಕಡೆಯೂ ಬೆರಳಿಗೆ ಬಿಳಿ ಪುಡಿ ಹತ್ತಿತು. ನಡುವೆ ಒಂದು ಕಡೆ ಮಾತ್ರ ಬಿಳಿ ಬಣ್ಣ ನಿಲ್ಲದೆ ಹನಿಹನಿಯಾಗಿ ಒಡೆದಿತ್ತು. ಅಲ್ಲಿ ಇಟ್ಟ ಬೆರಳು ನೀಲಿಯಾಯಿತು.

"ಹಣಮಂತ, ಈ ಚಿತ್ರದ ಬಣ್ಣ ಒಣಗ್ಯಾವೇನು?" ಎಂದು ಚಿತ್ರದ ಪಕ್ಕದಲ್ಲೇ ನಿಂತಿದ್ದ ಅವನನ್ನು ಕೇಳಿದರು.

"ಯಾವಾಗೋ ಒಣಗ್ಯಾವ್ರಿ. ಆದ್ರೇನು, ಎಲ್ಲಾ ಹೋತಲ್ಲ!" ಹಣಮಂತನ ಕಣ್ಣುಗಳು ಕೆಂಪಾಗಿದ್ದವು.

"ಹೋಗಿಲ್ಲ. ನೀರು, ಬಟ್ಟಿ ತರ್ರಿ."

ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತ ಹೋದ ಹಾಗೆ ಮುಖಗಳು ಒಂದೊಂದಾಗಿ ಹೊರಬಂದವು. ಹೊಸ ಕಲೆ ಎಂದರೆ ಮೂಗು ಮುರಿಯುವ ನಾನೂ ಸುಮ್ಮನಾಗಿಬಿಟ್ಟೆ. ಊಟದ ಡಬ್ಬಿ ಹಿಡಿದು ನಿಂತ ಆ ಗಂಡಸರು ನಮ್ಮನ್ನೇ ನೋಡುತ್ತಿದ್ದರು. ಕೆಲವರ ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು. ಮುಷ್ಕರದ ನಂತರ ತೀರಿಕೊಂಡವರಿಗೆ ಹಾರ ಹಾಕಿದ್ದೇನೆ ಎಂದ ಹಣಮಂತ. ತಿರುಮಲೇಶ ಖುಷಿಯಿಂದ ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣೂ ಚಿತ್ರದ ಮೇಲೆಲ್ಲ ಓಡಾಡುತ್ತಿತ್ತು. ನೀರಿನ ಬಕೆಟ್ಟು ಹಿಡಿದಿದ್ದ ಮಲ್ಲವ್ವ ಮಾತ್ರ ಒಂದೇ ಜಾಗವನ್ನು ನೋಡುತ್ತಿದ್ದಳು.

ಹಣಮಂತ ನಡುವೆ ನಿಂತ ನೀಲಿ ಅಂಗಿಯ ಮನುಷ್ಯನ ಹತ್ತಿರ ಹೋದವನೇ ಏನೋ ಹೇಳಲು ಬಾಯಿ ತೆರೆದ. ನೀಲಾವತಿಯವರು ಕೈಸನ್ನೆ ಮಾಡಿ ತಡೆದರು. "ಎಲ್ಲಾರೂ ಕೂಡ್ರಿ. ಸಂಗಪ್ಪ, ನೀನೂ ಮುಂದ ಬಾ," ಎಂದರು.

ಎಲ್ಲರೂ ಚಿತ್ರದ ಮುಂದೆ ನೆಲದ ಮೇಲೆ ಕೂತೆವು.

"ಚಿತ್ರ ಕೆಡಸಬೇಕು ಅನ್ನಾಂವ ಎಣ್ಣೀ ಬಣ್ಣದ ಡಬ್ಬಿಗೆ ಕೈ ಹಾಕ್ತಿದ್ದ, ಅದು ಪಕ್ಕದಾಗ ಇತ್ತು. ಅದು ಹತ್ತಿದ್ರ ಹೋಗೂದಿಲ್ಲ ಅನ್ನೂದು ಟ್ಯಾಕ್ಸಿ ಮ್ಯಾಲೆ ಬರಿಯೋ ಸಂಗಪ್ಪಗ ಗೊತ್ತಿಲ್ಲೇನು? ಆದ್ರ ಬಳದದ್ದು ನೀರಿಗೆ ಹೋಗೂ ಬಿಳಿ. ಅದನ್ನ ಮೂಲ್ಯಾಗಿಂದ ಹುಡುಕಿ ತಂದಾರ. ಅಂದ್ರ ಬಳದವರಿಗೆ ಈ ಚಿತ್ರ ಉಳೀಬೇಕಾಗಿತ್ತು."

"ಉಳೀಬೇಕಿದ್ರೆ ಬಳಿಯೋದ್ಯಾಕೆ ಮೇಡಂ?" ಎಂದರು ತಿರುಮಲೇಶ.

"ಒಂದು ತಿದ್ದುಪಡಿ ಮುಚ್ಚಲಿಕ್ಕೆ. ಒಣಗಿದ ಚಿತ್ರದಾಗ ಒಂದೇ ಕಡೆ ನೀಲಿ ಬಣ್ಣ ಹಸೀ ಇತ್ತು. ಹಸೀ ಎಣ್ಣೀ ಮ್ಯಾಲೆ ನೀರಿನ ಬಿಳಿ ನಿಲ್ಲೂದಿಲ್ಲ. ಮೊದಲು ಒಬ್ಬನ ಮೈಮ್ಯಾಲೆ ಏನೋ ಅಳಿಸ್ಯಾರ, ಆಮ್ಯಾಲೆ ಎಲ್ಲಾರ ಮ್ಯಾಲೂ ಬಿಳಿ ಎಳದಾರ. ಇಡೀ ಚಿತ್ರ ಹೋತಂತ ಗಾಬರಿಯಾದವರು ಅದು ತಿರುಗಿ ಸಿಕ್ಕಾಗ ಒಂದು ಕೊರಳು ನೋಡ್ತಾರೇನು? ನೀವು ನೋಡಿದ್ರೇನು?"

ತಿರುಮಲೇಶ ತಲೆ ತಗ್ಗಿಸಿದರು.

"ಹಣಮಂತ ನೋಡಿದ. ನೀ ಈ ಮನುಷ್ಯನ ಕೊರಳಾಗೂ ಒಂದು ಹಾರ ಬರದಿದ್ದಿ, ಹೌದಲ್ಲೋ?" ಹಣಮಂತ ಹೌದೆಂದು ತಲೆಯಾಡಿಸಿದ. "ಅದರ ಮ್ಯಾಲಿನ ನೀಲಿ ನೋಡ್ರಿ. ಅಂಗಿ ಮಡಿಕಿ ಇಲ್ಲ, ನೆರಳಿಲ್ಲ. ಅಡ್ಡಡ್ಡ ಎಳದದ್ದು. ಇದು ಚಿತ್ರ ಬರಿಯೋ ಕೈ ಅಲ್ಲ, ಬಟ್ಟಿಗೆ ಬಿಳಿ ಬಳಿಯೋ ಕೈ. ಇನ್ನ ಕಡೀ ಮಾತು. ಇವತ್ತ ಎಲ್ಲಾರೂ ಚಿತ್ರ ಹೋತು ಅಂದ್ರು, ಬರದಾಂವನೂ ಅಂದ. ಒರಸಿದ್ರ ಹೋಗ್ತೈತಿ ಅಂದವರು ಒಬ್ಬರೇ. ಆವಾಗಿನ್ನೂ ಯಾರೂ ಮುಟ್ಟಿ ನೋಡಿರಲಿಲ್ಲ. ದಿನಾ ಬಳದು ಒರಸೂ ಕೈಗೆ ಇದೊಂದು ದೊಡ್ಡದಲ್ಲ. ಇಷ್ಟಕ್ಕ ಪೊಲೀಸರನ್ನ ಕರೀತಾರ, ಇನ್ನೊಬ್ಬನ ಮ್ಯಾಲೆ ಬರ್ತದ ಅಂತ ಆಕೀಗೆ ಹೊಳೀಲಿಲ್ಲ."

ಅಲ್ಲಿಗೆ ಅವರ ಮಾತು ನಿಂತಿತು. ಎಷ್ಟೋ ಪ್ರಕರಣಗಳಲ್ಲಿ ಹೆಸರು ಹೇಳುವ ಹೊತ್ತಿಗೆ ಅವರ ದನಿ ಗಟ್ಟಿಯಾಗುವುದನ್ನು ಕೇಳಿದ್ದೆ. ಅವತ್ತು ಅವರಿಗೆ ಬಾಯಿ ಬರಲಿಲ್ಲ.

ಮಲ್ಲವ್ವ ಬಕೆಟ್ಟು ಕೆಳಗಿಟ್ಟಳು. "ನಾನೇ ಬಳದೇನ್ರಿ. ಅವರು ನಮ್ಮ ಮನಿಯವರು."

ನೀಲಿ ಅಂಗಿಯ ಮನುಷ್ಯ ನೀಲಕಂಠಪ್ಪ, ಮಲ್ಲವ್ವನ ಗಂಡ. ಹಣಮಂತ ಎದ್ದು ನಿಂತ, ಮಾತಿಗೆ ತಡವರಿಸಿದ. "ಅವ್ವಾ, ಒಂದು ಸುದ್ದಿ ಇಲ್ಲ, ಸುಳಿವಿಲ್ಲ. ಚಾಳಿನ ಮಂದಿ ಎಲ್ಲಾರೂ... ನಾ ಹಂಗ ತಿಳಕೊಂಡೆ."

"ನನಗ ತಿಳಿಯೂದಿಲ್ಲೇನೋ?" ಎಂದಳು ಮಲ್ಲವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಬರೂದಿದ್ರ ಇಷ್ಟೊತ್ತಿಗೆ ಬರತಿದ್ರು. ದಿನಾ ಕುಂಕುಮ ಹಚ್ಚುವಾಗ ಅದೇ ವಿಚಾರ ಬರ್ತೈತಿ. ಆದ್ರ ಅವರಿಗೆ ಹಾರ ಹಾಕೂದು ನಾನು. ನನ್ನ ಮನಸ್ಸು ಒಪ್ಪಿದ ದಿನಾ ಹಾಕ್ತೀನಿ. ನನ್ನ ಕೇಳದ ಊರ ಮಂದಿ ಹಾಕೂದಲ್ಲ."

ಅವಳು ಸಂಗಪ್ಪನ ಕಡೆ ತಿರುಗಿ, "ತಪ್ಪಾತಪ್ಪಾ," ಎಂದು ಕೈಮುಗಿಯಲು ಹೋದಳು. ಅವನು ಗಾಬರಿಯಾಗಿ ಎದ್ದು ಅವಳ ಕೈ ಹಿಡಿದುಕೊಂಡ. ತಿರುಮಲೇಶ ಸಂಗಪ್ಪನ ಕ್ಷಮೆ ಕೇಳಿದರು, ಅವನ ಚಿತ್ರವನ್ನು ತಾವೇ ಎತ್ತಿಕೊಂಡು ಬಂದು ಬಾಗಿಲೆದುರು ತೂಗುಹಾಕಿದರು. ಅಷ್ಟರ ಮಟ್ಟಿಗೆ ಒಳ್ಳೆಯವರು ಎಂದು ಒಪ್ಪಿಕೊಂಡೆ.

"ಆ ಕೊರಳು ಸರಿ ಮಾಡ್ತೀಯೇನು?" ಎಂದು ನೀಲಾವತಿಯವರು ಹಣಮಂತನನ್ನು ಕೇಳಿದರು.

"ಇಲ್ರಿ. ಅವ್ವ ಬಳದದ್ದು ಹಂಗ ಇರಲಿ." ಅವನು ಮಲ್ಲವ್ವನ ಕಡೆ ನೋಡಿದ. "ನಿನಗ ಬೇಕನಿಸಿದ ದಿನಾ ಬಾ. ಹಳದಿ ನಾ ಕಲಸಿ ಕೊಡ್ತೀನಿ, ಹಾರ ನೀನ ಬರಿ."

ಹಿಂತಿರುಗುವಾಗ ಗಾಡಿಯಲ್ಲಿ ನೀಲಾವತಿಯವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಕುರ್ಲಾ ಬರುವ ಹೊತ್ತಿಗೆ, "ಕಂಡುಹಿಡಿಯೂದು ಬ್ಯಾರೆ, ಅಕಿ ಮುಂದ ಹೇಳೂದು ಬ್ಯಾರೆ, ಸೀತಾರಾಮ್," ಎಂದರು.

ಪ್ರದರ್ಶನ ಮುಗಿದ ಮೇಲೆ ಆ ಚಿತ್ರ ಹಣಮಂತನ ಕಾರ್ಖಾನೆಯ ಗೋಡೆ ಸೇರಿತು. ಬೈಕುಲ್ಲಾದ ಕಡೆ ಹೋದಾಗಲೆಲ್ಲ ನಾನು ಒಳಗೆ ಇಣುಕುತ್ತೇನೆ. ಮಲ್ಲವ್ವ ಬಟ್ಟೆಗೆ ಬಿಳಿ ಬಳಿಯುತ್ತ ಕೂತಿರುತ್ತಾಳೆ, ಬಂದ್ರ್ಯಾ ಅಣ್ಣಾ ಎಂದು ಕೇಳುತ್ತಾಳೆ. ಮಾತಾಡುತ್ತಲೇ ನನ್ನ ಕಣ್ಣು ಆ ಕೊರಳಿನ ಕಡೆ ಹೋಗುತ್ತದೆ. ಅದು ಇನ್ನೂ ನೀಲಿಯಾಗಿಯೇ ಇದೆ.